ಚಹಾ ಮಗ್, ಕಂಬಳಿ, ಕುಶನ್ ಮೇಲೆ ಆದಿವಾಸಿ ಕಲೆ: ದುಡ್ಡು ಯಾರ ಕೈ ಸೇರುತ್ತದೆ?

ವಾರ್ಲಿ ಚಿತ್ರವಿರುವ ಚಹಾ ಮಗ್, ಗೊಂಡ ಕಲೆಯ ಜಿಂಕೆ ಇರುವ ಡೈರಿ, ಚುಕ್ಕೆ ಚಿತ್ತಾರದ ಆಸ್ಟ್ರೇಲಿಯಾದ ಕುಶನ್ ಕವರ್. ಇಂಥ ವಸ್ತುಗಳು ಈಗ ಮಾಲ್‌ಗಳಲ್ಲಿ, ವಿಮಾನ ನಿಲ್ದಾಣದ ಅಂಗಡಿಗಳಲ್ಲಿ, ಆನ್‌ಲೈನ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಬೆಲೆಯೂ ತೀರಾ ದುಬಾರಿಯಲ್ಲ. ಆದರೆ ಕೊಳ್ಳುವವರ ಮುಂದೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಆ ಚಿತ್ರ ಬರೆದ ಕಲಾವಿದರಿಗೆ, ಅವರ ಸಮುದಾಯಕ್ಕೆ ಈ ಹಣದಲ್ಲಿ ಪಾಲು ಹೋಗುತ್ತದೆಯೇ?

ಕೆಲವು ಸಂಸ್ಥೆಗಳ ವಿಷಯದಲ್ಲಿ ಇದಕ್ಕೆ ಉತ್ತರ 'ಹೌದು'. ಬಹಳಷ್ಟು ವಸ್ತುಗಳ ವಿಷಯದಲ್ಲಿ 'ಇಲ್ಲ'. ಇವೆರಡರ ನಡುವಿನ ವ್ಯತ್ಯಾಸ ಏನು, ಹಣ ಯಾವ ದಾರಿಯಲ್ಲಿ ಸಮುದಾಯ ತಲುಪುತ್ತದೆ, ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಏನಾಯಿತು, ನಮ್ಮಲ್ಲಿ ಪರಿಸ್ಥಿತಿ ಹೇಗಿದೆ ಎಂಬ ವಿವರ ಇಲ್ಲಿದೆ.

ಹಣ ತಲುಪುವ ಮೂರು ದಾರಿ

ಮೂಲನಿವಾಸಿ ಕಲಾವಿದರ ವಿನ್ಯಾಸವನ್ನು ದಿನಬಳಕೆಯ ವಸ್ತುವಾಗಿ ಮಾರುವ ವ್ಯವಹಾರದಲ್ಲಿ ಮುಖ್ಯವಾಗಿ ಮೂರು ಮಾದರಿಗಳಿವೆ.

ಮೊದಲನೆಯದು ನೇರ ಖರೀದಿ. ಕಲಾವಿದರು ತಾವೇ ಕೈಯಿಂದ ಮಾಡಿದ ಶಾಲು, ಚೀಲ, ಬುಟ್ಟಿ, ಕೌದಿಯನ್ನು ಸಂಘ ಅಥವಾ ಸಹಕಾರ ಸಂಸ್ಥೆ ಕೊಂಡು ಮಾರುತ್ತದೆ. ಇಲ್ಲಿ ಕೂಲಿ ಮತ್ತು ಬೆಲೆ ಎರಡೂ ಸಮುದಾಯಕ್ಕೇ ಹೋಗುತ್ತವೆ. ಆದರೆ ಕೈಯಿಂದ ಎಷ್ಟು ಮಾಡಲು ಸಾಧ್ಯವೋ ಅಷ್ಟೇ ಮಾರಾಟ.

ಎರಡನೆಯದು ಪರವಾನಗಿ, ಅಂದರೆ ಲೈಸೆನ್ಸ್ ಪದ್ಧತಿ. ಕಲಾವಿದರು ಒಂದು ಚಿತ್ರ ಬರೆಯುತ್ತಾರೆ. ಕಂಪನಿ ಆ ಚಿತ್ರವನ್ನು ಮಗ್, ತಟ್ಟೆ, ಟವೆಲ್, ಛತ್ರಿಗಳ ಮೇಲೆ ಅಚ್ಚು ಹಾಕಿಸಿ ಮಾರುತ್ತದೆ. ಮಾರಾಟವಾದ ಪ್ರತಿ ವಸ್ತುವಿಗೂ ಇಂತಿಷ್ಟು ಎಂದು ರಾಯಧನ ಕೊಡುತ್ತದೆ. ಚಿತ್ರದ ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ. ವಯಸ್ಸಾದ ಕಲಾವಿದರಿಗೆ ಇದು ಪಿಂಚಣಿಯಂತೆ ಒದಗುವುದೂ ಉಂಟು.

ಮೂರನೆಯದು ಸಮುದಾಯವೇ ಕಂಪನಿಯ ಒಡೆಯನಾಗುವುದು. ಲಾಭ, ನಿರ್ಧಾರ, ಬ್ರ್ಯಾಂಡ್ ಎಲ್ಲವೂ ಸಮುದಾಯದ್ದೇ. ಕಷ್ಟದ ದಾರಿ ಇದು, ಆದರೆ ಹೆಚ್ಚು ಹಿಡಿತ ಸಿಗುವುದೂ ಇದರಲ್ಲೇ.

ಈ ಮೂರೂ ಅಲ್ಲದ ನಾಲ್ಕನೆಯ ಬಗೆಯೊಂದು ಮಾರುಕಟ್ಟೆಯಲ್ಲಿದೆ. ಇಂಟರ್‌ನೆಟ್‌ನಿಂದ ಚಿತ್ರ ತೆಗೆದು, ಅಲ್ಲಿ ಇಲ್ಲಿ ಬದಲಿಸಿ, ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿ 'ಟ್ರೈಬಲ್ ಪ್ರಿಂಟ್' ಎಂದು ಮಾರುವುದು. ಸಮುದಾಯಕ್ಕೆ ಇದರಿಂದ ಬಿಡಿಗಾಸೂ ಸಿಗದು. ಮೇಲಾಗಿ ಅಸಲಿ ವಸ್ತುವಿನ ಬೆಲೆಯೂ ಕುಸಿಯುತ್ತದೆ.

ಒಂದು ಡಾಲರ್ ನೋಟಿನ ಕಥೆ

ಕಲಾವಿದರನ್ನು ಕೇಳದೆ ಚಿತ್ರ ಬಳಸುವುದು ಖಾಸಗಿ ವ್ಯಾಪಾರಿಗಳಷ್ಟೇ ಮಾಡಿದ ತಪ್ಪಲ್ಲ. ಆಸ್ಟ್ರೇಲಿಯಾ 1966ರ ಫೆಬ್ರವರಿಯಲ್ಲಿ ಪೌಂಡ್ ಬಿಟ್ಟು ಡಾಲರ್‌ಗೆ ಬದಲಾಯಿತು. ಆಗ ಬಂದ ಹೊಸ ಒಂದು ಡಾಲರ್ ನೋಟಿನ ಮೇಲೆ ಮರದ ತೊಗಟೆಯ ಮೇಲೆ ಬರೆದ ಒಂದು ಚಿತ್ರದ ಅಂಶಗಳಿದ್ದವು. ಅದನ್ನು ಬರೆದವರು ಉತ್ತರ ಆಸ್ಟ್ರೇಲಿಯಾದ ಅರ್ನ್‌ಹೆಮ್ ಲ್ಯಾಂಡ್‌ನ ಕಲಾವಿದ ಡೇವಿಡ್ ಮಲಂಗಿ. ಅವರ ಅನುಮತಿ ಯಾರೂ ಪಡೆದಿರಲಿಲ್ಲ.

ವಿಷಯ ಬಯಲಾದ ಮೇಲೆ ರಿಸರ್ವ್ ಬ್ಯಾಂಕ್ ಅವರಿಗೆ 1,000 ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಲಕರಣೆಗಳನ್ನು ಕೊಟ್ಟಿತು. ದೇಶದ ಪ್ರತಿಯೊಬ್ಬರ ಜೇಬಿನಲ್ಲಿದ್ದ ಚಿತ್ರಕ್ಕೆ ಸಿಕ್ಕ ಪ್ರತಿಫಲ ಅದು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಕಲಾವಿದರ ಕೃತಿಸ್ವಾಮ್ಯದ ಚರ್ಚೆ ಬಂದಾಗಲೆಲ್ಲ ಈ ಪ್ರಸಂಗ ಪ್ರಸ್ತಾಪವಾಗುತ್ತದೆ.

ಮರುಭೂಮಿಯ ಕಲಾ ಕೇಂದ್ರಗಳು

ಪರಿಸ್ಥಿತಿ ಬದಲಾಗಲು ಮುಖ್ಯ ಕಾರಣ 'ಆರ್ಟ್ ಸೆಂಟರ್'ಗಳು. ಇವು ಸಮುದಾಯದ ಒಡೆತನದ ಕಲಾ ಕೇಂದ್ರಗಳು. ಬಣ್ಣ, ಕ್ಯಾನ್ವಾಸ್ ಕೊಡುವುದು, ಚಿತ್ರ ದಾಖಲಿಸುವುದು, ಮಾರುವುದು, ಲೈಸೆನ್ಸ್ ಒಪ್ಪಂದ ನೋಡಿಕೊಳ್ಳುವುದು ಇವುಗಳ ಕೆಲಸ. 1971ರಲ್ಲಿ ಪಪುನ್ಯ ಎಂಬ ಊರಿನಲ್ಲಿ ಹಿರಿಯರು ತಮ್ಮ ಸಾಂಪ್ರದಾಯಿಕ ಚಿತ್ತಾರಗಳನ್ನು ಹಲಗೆಗಳ ಮೇಲೆ ಬರೆಯಲು ತೊಡಗಿದರು. ಮರುವರ್ಷವೇ, 1972ರಲ್ಲಿ, ಕಲಾವಿದರ ಒಡೆತನದ 'ಪಪುನ್ಯ ಟುಲ ಆರ್ಟಿಸ್ಟ್ಸ್' ಕಂಪನಿ ಹುಟ್ಟಿತು.

ಯುಎಂಡುಮು ಎಂಬ ಊರಿನ 'ವಾರ್ಲುಕುರ್ಲಾಂಗು' ಕೇಂದ್ರ 1985ರಲ್ಲಿ ಆರಂಭವಾಯಿತು. ಇಲ್ಲಿನ ಕಲಾವಿದರ ಚಿತ್ರಗಳನ್ನು ಲೈಸೆನ್ಸ್ ಪಡೆದು 'ಆಲ್ಪರ್‌ಸ್ಟೀನ್ ಡಿಸೈನ್ಸ್'ನಂಥ ಆಸ್ಟ್ರೇಲಿಯಾದ ಕಂಪನಿಗಳು ಮಗ್, ಟ್ರೇ, ಚೀಲಗಳ ಮೇಲೆ ಬಳಸುತ್ತವೆ. ವಸ್ತುವಿನ ಜತೆ ಕಲಾವಿದರ ಹೆಸರು ಮತ್ತು ಚಿತ್ರದ ಕಥೆ ಇರುತ್ತದೆ. ರಾಯಧನ ಕಲಾವಿದರಿಗೆ ಹೋಗುತ್ತದೆ.

ಮನಿಂಗ್ರಿಡ ಎಂಬ ಊರಿನ 'ಬಾಬರ' ಮಹಿಳಾ ಕೇಂದ್ರದ ಕಥೆ ಬೇರೆ. 1983ರಲ್ಲಿ ಅದು ಆರಂಭವಾದದ್ದು ಮಹಿಳೆಯರ ಆಶ್ರಯ ತಾಣವಾಗಿ. ಬಳಿಕ ಅಲ್ಲಿನ ಹೆಂಗಸರು ಬಟ್ಟೆಯ ಮೇಲೆ ಅಚ್ಚು ಹಾಕುವುದನ್ನು ಜೀವನೋಪಾಯ ಮಾಡಿಕೊಂಡರು. ಆಸರೆ ಕೇಳಿ ಬರುವ ಜಾಗ ದುಡಿದು ಸಂಪಾದಿಸುವ ಜಾಗವೂ ಆಯಿತು.

ಕಾಶ್ಮೀರದ ಸೂಜಿ, ಬೆಂಗಳೂರಿನ ಅಚ್ಚು

ಈ ವ್ಯವಹಾರಕ್ಕೆ ಭಾರತದ ನಂಟೂ ಇದೆ. ಅಡಿಲೇಡ್ ನಗರದ 'ಬೆಟರ್ ವರ್ಲ್ಡ್ ಆರ್ಟ್ಸ್' ಸಂಸ್ಥೆ ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕಾಶ್ಮೀರದ ಕುಶಲಕರ್ಮಿಗಳಿಗೆ ಕಳುಹಿಸುತ್ತದೆ. ಅವರು ಅವನ್ನು ಉಣ್ಣೆ ದಾರದಲ್ಲಿ, ಸರಪಳಿ ಹೊಲಿಗೆಯಲ್ಲಿ ಕುಶನ್ ಕವರ್ ಮತ್ತು ನೆಲಹಾಸುಗಳಾಗಿ ಹೊಲಿಯುತ್ತಾರೆ. ಕಲಾವಿದರಿಗೆ ರಾಯಧನ, ಕಾಶ್ಮೀರಿ ಕಸೂತಿಗಾರರಿಗೆ ಕೆಲಸ. ವಿನ್ಯಾಸ ಯಾರದು, ಹೊಲಿಗೆ ಎಲ್ಲಿಯದು ಎಂಬುದನ್ನು ಮುಚ್ಚಿಡುವುದಿಲ್ಲ.

ಬಾಬರ ಕೇಂದ್ರದ ಮಹಿಳೆಯರು ಬೆಂಗಳೂರಿನ ಬ್ಲಾಕ್ ಪ್ರಿಂಟ್ ಸಂಸ್ಥೆ 'ತರಂಗಿಣಿ ಸ್ಟುಡಿಯೊ' ಜತೆಗೂಡಿ ಕೆಲಸ ಮಾಡಿದ್ದಾರೆ. ಅರ್ನ್‌ಹೆಮ್ ಲ್ಯಾಂಡ್‌ನ ವಿನ್ಯಾಸಗಳು ಇಲ್ಲಿ ಮರದ ಅಚ್ಚುಗಳಾಗಿ ಬಟ್ಟೆಗಿಳಿದಿವೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಸ್ತು ಬೇರೆ ದೇಶದಲ್ಲಿ ತಯಾರಾಯಿತು ಎಂದ ಮಾತ್ರಕ್ಕೆ ಅದು ನಕಲಿ ಎಂದಾಗುವುದಿಲ್ಲ. ಕಲಾವಿದರ ಒಪ್ಪಿಗೆ ಇದೆಯೇ, ಹಣ ಸಿಕ್ಕಿತೇ, ಕೊಳ್ಳುವವರಿಗೆ ನಿಜ ಹೇಳಲಾಗಿದೆಯೇ ಎಂಬುದೇ ಅಳತೆಗೋಲು.

ಕೋರ್ಟ್ ಮೆಟ್ಟಿಲೇರಿದ ಕಾರ್ಪೆಟ್

ಒಪ್ಪಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1994ರ ಕಾರ್ಪೆಟ್ ಪ್ರಕರಣ ಉದಾಹರಣೆ. ಆಸ್ಟ್ರೇಲಿಯಾದ ಪರ್ತ್ ನಗರದ ವ್ಯಾಪಾರಿ ಕಂಪನಿಯೊಂದು ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಹೋಲುವ ಕಾರ್ಪೆಟ್‌ಗಳನ್ನು ವಿಯೆಟ್ನಾಂನಲ್ಲಿ ಮಾಡಿಸಿ ತರಿಸಿತ್ತು. ಕಲಾವಿದೆ ಬಂಡುಕ್ ಮರಿಕ ಅವರ ಚಿತ್ರವೂ ಅದರಲ್ಲಿತ್ತು. ಅದು ಅವರ ಕುಲದವರು ಪವಿತ್ರವೆಂದು ಭಾವಿಸುವ ನೀರಿನ ತಾಣದ ಚಿತ್ರ. ಜನ ಅದರ ಮೇಲೆ ಕಾಲಿಟ್ಟು ನಡೆಯುವಂತಾಯಿತು.

ಇಂಥ ಚಿತ್ರ ಒಬ್ಬ ಕಲಾವಿದರ ಸ್ವತ್ತಷ್ಟೇ ಅಲ್ಲ, ಇಡೀ ಕುಲದ ಸ್ವತ್ತು. ಅದು ದುರ್ಬಳಕೆಯಾದರೆ ಸಮುದಾಯದೊಳಗೆ ಕಲಾವಿದರೇ ಉತ್ತರ ಕೊಡಬೇಕಾಗುತ್ತದೆ. ಈ ನೋವನ್ನೂ ಫೆಡರಲ್ ಕೋರ್ಟ್ ಪರಿಗಣಿಸಿತು. ಕಲಾವಿದರ ಪರ ತೀರ್ಪು ಬಂತು. 1.88 ಲಕ್ಷ ಆಸ್ಟ್ರೇಲಿಯನ್ ಡಾಲರ್‌ನಷ್ಟು ಪರಿಹಾರಕ್ಕೆ ಆದೇಶವಾಯಿತು.

ಇನ್ನೊಂದು ದೊಡ್ಡ ಪ್ರಕರಣ 'ಬಿರುಬಿ ಆರ್ಟ್' ಕಂಪನಿಯದು. ಇಂಡೊನೇಷ್ಯಾದಲ್ಲಿ ತಯಾರಾದ ಬೂಮರಾಂಗ್, ಡಿಜೆರಿಡೂ ಮೊದಲಾದ 18,000ಕ್ಕೂ ಹೆಚ್ಚು ವಸ್ತುಗಳನ್ನು ಅದು 2015ರಿಂದ 2017ರ ನಡುವೆ ಮಾರಿತ್ತು. ಅವು ಆಸ್ಟ್ರೇಲಿಯಾದ ಮೂಲನಿವಾಸಿಗಳೇ ಮಾಡಿದವು ಎಂಬ ಭಾವನೆ ಬರುವಂತಿದ್ದವು. ಗ್ರಾಹಕ ಆಯೋಗ ಕೋರ್ಟ್‌ಗೆ ಹೋಯಿತು. 2019ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿತ್ತು.

ಇಲ್ಲಿ ದಂಡ ಬಿದ್ದದ್ದು ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ. 'ಇಂಡೊನೇಷ್ಯಾದಲ್ಲಿ ತಯಾರಾದದ್ದು' ಎಂದು ಸ್ಪಷ್ಟವಾಗಿ ಬರೆದು ಅದೇ ಶೈಲಿಯ ವಸ್ತು ಮಾರಿದರೆ ಗ್ರಾಹಕ ಕಾನೂನಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಆಸ್ಟ್ರೇಲಿಯಾದ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ಕೊಟ್ಟ ವರದಿ ಸಮಸ್ಯೆಯ ಗಾತ್ರ ತೋರಿಸಿತು. 2019-20ರಲ್ಲಿ ಮೂಲನಿವಾಸಿ ಕಲೆ ಮತ್ತು ಕರಕುಶಲ ವಸ್ತುಗಳ ಮಾರಾಟ ಸುಮಾರು 25 ಕೋಟಿ ಡಾಲರ್. ಆದರೆ ಸ್ಮರಣಿಕೆಯಂಥ ಗ್ರಾಹಕ ವಸ್ತುಗಳಿಗೆ ಜನ ಖರ್ಚು ಮಾಡಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ನಕಲಿಗೆ.

ಧ್ವಜ ಯಾರದ್ದು?

ಲೈಸೆನ್ಸ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳುವಂತಿಲ್ಲ. ಕಪ್ಪು, ಕೆಂಪು, ನಡುವೆ ಹಳದಿ ವೃತ್ತ ಇರುವ ಮೂಲನಿವಾಸಿಗಳ ಧ್ವಜವನ್ನು 1971ರಲ್ಲಿ ವಿನ್ಯಾಸ ಮಾಡಿದವರು ಕಲಾವಿದ ಹೆರಾಲ್ಡ್ ಥಾಮಸ್. ಅದರ ಕೃತಿಸ್ವಾಮ್ಯ ಅವರದ್ದೇ ಎಂದು 1997ರಲ್ಲಿ ಕೋರ್ಟ್ ಹೇಳಿತು. 2018ರಲ್ಲಿ ಬಟ್ಟೆಗಳ ಮೇಲೆ ಧ್ವಜ ಬಳಸುವ ಏಕಮಾತ್ರ ಹಕ್ಕು 'ವಾಮ್ ಕ್ಲೋತಿಂಗ್' ಎಂಬ ಕಂಪನಿಗೆ ಸಿಕ್ಕಿತು. ಅದು ಮೂಲನಿವಾಸಿಗಳ ಒಡೆತನದ ಕಂಪನಿಯಲ್ಲ.

ಮೂಲನಿವಾಸಿಗಳೇ ನಡೆಸುತ್ತಿದ್ದ 'ಕ್ಲೋತಿಂಗ್ ದ ಗ್ಯಾಪ್' ಎಂಬ ಬಟ್ಟೆ ಸಂಸ್ಥೆಗೂ ಆ ಕಂಪನಿಯಿಂದ ನೋಟಿಸ್ ಬಂತು. ತಮ್ಮ ಧ್ವಜ ಹಾಕಿದ ಟೀಶರ್ಟ್ ತಾವೇ ಮಾರುವಂತಿಲ್ಲ ಎಂಬ ಸ್ಥಿತಿ. 'ಧ್ವಜವನ್ನು ಬಿಡಿಸಿ' ಎಂಬ ಅಭಿಯಾನ ಶುರುವಾಯಿತು. ಕೊನೆಗೆ 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ 2 ಕೋಟಿ ಡಾಲರ್‌ಗೂ ಸ್ವಲ್ಪ ಹೆಚ್ಚು ಹಣ ಕೊಟ್ಟು ಕೃತಿಸ್ವಾಮ್ಯ ಪಡೆದು, ಹಳೆಯ ಲೈಸೆನ್ಸ್‌ಗಳನ್ನು ಕೊನೆಗೊಳಿಸಿತು. ಈಗ ಅದನ್ನು ಬಟ್ಟೆ, ಜೆರ್ಸಿಗಳ ಮೇಲೆ ಹಾಕಲು ಯಾರಿಗೂ ಶುಲ್ಕ ಕೊಡಬೇಕಿಲ್ಲ. ಒಬ್ಬ ಕಲಾವಿದರ ಹಕ್ಕು ಮತ್ತು ಇಡೀ ಸಮುದಾಯದ ಹಕ್ಕು ಎದುರುಬದುರಾದರೆ ಎಷ್ಟು ಸಿಕ್ಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬಣ್ಣದಿಂದ ಬಂತು ಡಯಾಲಿಸಿಸ್

ಕಲೆಯ ಹಣ ಸಮುದಾಯಕ್ಕೆ ತಲುಪಿದರೆ ಏನಾಗಬಹುದು? ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಊರುಗಳಲ್ಲಿ ಕಿಡ್ನಿ ಕಾಯಿಲೆ ವ್ಯಾಪಕ. ಕಿಂಟೋರ್ ಎಂಬ ಊರಿನವರು ಡಯಾಲಿಸಿಸ್‌ಗಾಗಿ 500 ಕಿಲೋಮೀಟರ್‌ಗೂ ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋಗಿ ಅಲ್ಲೇ ಇರಬೇಕಿತ್ತು. ಹಿರಿಯರು ಮನೆ, ಮೊಮ್ಮಕ್ಕಳು, ತಮ್ಮ ನೆಲ ಎಲ್ಲವನ್ನೂ ಬಿಟ್ಟು ಅಪರಿಚಿತ ಊರಿನಲ್ಲಿ ದಿನ ಕಳೆಯುತ್ತಿದ್ದರು.

ಪಪುನ್ಯ ಟುಲ ಕಲಾವಿದರು ಇದಕ್ಕೆಂದೇ ದೊಡ್ಡ ಚಿತ್ರಗಳನ್ನು ಬರೆದರು. 2000ದ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿ ನಡೆದ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು. ಆ ಹಣದಿಂದ ಹುಟ್ಟಿದ್ದೇ ಈಗ 'ಪರ್ಪಲ್ ಹೌಸ್' ಎಂದು ಹೆಸರಾದ ಸಂಸ್ಥೆ. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು. ನಂತರ ಇತರ ಊರುಗಳಿಗೂ ವಿಸ್ತರಿಸಿತು. ಈ ಸಂಸ್ಥೆ ಮರುಭೂಮಿಯ ಗಿಡಮೂಲಿಕೆಗಳಿಂದ ಮುಲಾಮು ತಯಾರಿಸಿಯೂ ಮಾರುತ್ತದೆ.

ಅಮೆರಿಕ: ಬೂಟಿನಿಂದ ಕಂಬಳಿಯವರೆಗೆ

ಅಮೆರಿಕದಲ್ಲಿ 1990ರ 'ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಆ್ಯಕ್ಟ್' ಜಾರಿಯಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದ್ದೆಂದು ಹೇಳಿ ಮಾರುವುದು ಅಪರಾಧ. ಮೊದಲ ಬಾರಿಯ ತಪ್ಪಿಗೇ ವ್ಯಕ್ತಿಗೆ 2.5 ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಇದೆ. ಕಂಪನಿಗಳಿಗೆ ದಂಡ 10 ಲಕ್ಷ ಡಾಲರ್‌ವರೆಗೂ ಹೋಗಬಹುದು.

ಸಿಯಾಟಲ್ ನಗರದ 'ಏಯ್ತ್ ಜನರೇಷನ್' ಕಂಪನಿ ಇಲ್ಲಿ ಹೆಸರಿಸಬೇಕಾದ ಉದಾಹರಣೆ. ನುಕ್ಸಾಕ್ ಬುಡಕಟ್ಟಿನ ಕಲಾವಿದ ಲೂಯಿ ಗಾಂಗ್ 2008ರಲ್ಲಿ ಕ್ಯಾನ್ವಾಸ್ ಬೂಟುಗಳ ಮೇಲೆ ಕೈಯಿಂದ ಚಿತ್ರ ಬರೆಯುತ್ತಾ ಇದನ್ನು ಕಟ್ಟಿದರು. ಮೂಲನಿವಾಸಿಗಳ ಮದುವೆ, ಸನ್ಮಾನ, ಸಾವಿನ ಮನೆಗಳಲ್ಲಿ ಕಂಬಳಿ ಹೊದಿಸಿ ಗೌರವಿಸುವ ಪದ್ಧತಿ ಇದೆ. ಆದರೆ ಆ ಉಣ್ಣೆ ಕಂಬಳಿಗಳ ಮಾರುಕಟ್ಟೆ ದಶಕಗಳಿಂದ ಹೊರಗಿನ ಕಂಪನಿಗಳ ಹಿಡಿತದಲ್ಲಿತ್ತು. 2015ರಲ್ಲಿ ಗಾಂಗ್ ಅವರ ಕಂಪನಿ ತನ್ನದೇ ಕಂಬಳಿಗಳನ್ನು ತಂದಿತು. ಮೂಲನಿವಾಸಿಗಳ ಒಡೆತನದ ಕಂಪನಿಯೊಂದು ಇಂಥ ಉಣ್ಣೆ ಕಂಬಳಿ ತಂದದ್ದು ಅದೇ ಮೊದಲು.

'ಮೂಲನಿವಾಸಿಗಳಿಂದ ಪ್ರೇರಿತ' ವಸ್ತು ಬೇಡ, 'ಪ್ರೇರಣೆ ಪಡೆದ ಮೂಲನಿವಾಸಿ'ಗಳ ವಸ್ತು ಬೇಕು ಎಂಬುದು ಅದರ ಘೋಷವಾಕ್ಯದ ತಿರುಳು. ಬೇರೆ ಬುಡಕಟ್ಟುಗಳ ಕಲಾವಿದರಿಗೂ ಅದು ವಿನ್ಯಾಸದ ಅವಕಾಶ ಮತ್ತು ವ್ಯಾಪಾರದ ತರಬೇತಿ ಕೊಟ್ಟಿತು. 2019ರಲ್ಲಿ ಕಂಪನಿಯನ್ನು ಕೊಂಡದ್ದು ಬೇರಾವುದೋ ಹೂಡಿಕೆ ಸಂಸ್ಥೆಯಲ್ಲ, ಅದೇ ಪ್ರದೇಶದ ಸ್ನೋಕ್ವಾಲ್ಮಿ ಬುಡಕಟ್ಟು.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಆದಿವಾಸಿ ಉತ್ಪನ್ನಗಳ ಮಾರಾಟಕ್ಕೆಂದೇ 1987ರಲ್ಲಿ 'ಟ್ರೈಫೆಡ್' ಸ್ಥಾಪನೆಯಾಯಿತು. ಅದರ 'ಟ್ರೈಬ್ಸ್ ಇಂಡಿಯಾ' ಮಳಿಗೆಗಳಲ್ಲಿ ಮೊದಲನೆಯದು 1999ರಲ್ಲಿ ದೆಹಲಿಯ ಮಹಾದೇವ ರಸ್ತೆಯಲ್ಲಿ ತೆರೆಯಿತು. ಇಲ್ಲಿ ಆದಿವಾಸಿಗಳಿಂದ ನೇರವಾಗಿ ಕೊಂಡ ವಸ್ತುಗಳು ಸಿಗುತ್ತವೆ.

ಚೆನ್ನೈನ 'ತಾರಾ ಬುಕ್ಸ್' ಪ್ರಕಾಶನ ಗೊಂಡ ಮತ್ತಿತರ ಕಲಾವಿದರನ್ನು ಕೂಲಿಗೆ ಚಿತ್ರ ಬರೆಯುವವರಂತೆ ನೋಡದೆ ಲೇಖಕರ ಸ್ಥಾನದಲ್ಲಿಟ್ಟಿತು. ಮುಖಪುಟದಲ್ಲಿ ಅವರ ಹೆಸರು, ಮಾರಾಟದಲ್ಲಿ ರಾಯಧನ. ಹೀಗೆ ಪುಸ್ತಕ ಮಾಡಿದ ಭಜ್ಜು ಶ್ಯಾಮ್ ಅವರಿಗೆ 2018ರಲ್ಲಿ, ದುರ್ಗಾಬಾಯಿ ವ್ಯಾಮ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ನೀಲಗಿರಿಯ ತೋಡರ ಕಸೂತಿ ಶಾಲಿಗೆ 2013ರಲ್ಲಿ ಜಿಐ ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಲ್ಲಿ ಎಳೆ ಎಣಿಸಿ ಹೊಲಿಯುವ ಈ ಕಸೂತಿಯನ್ನು ನೋಡಿದವರು ಮಗ್ಗದಲ್ಲೇ ನೇಯ್ದದ್ದು ಎಂದುಕೊಳ್ಳುವುದುಂಟು. ಮಧ್ಯಪ್ರದೇಶದ ಗೊಂಡ ಚಿತ್ರಕಲೆಗೆ 2023ರಲ್ಲಿ ಜಿಐ ಬಂತು. ಮುಂಬೈಗೆ ಹತ್ತಿರದ ಪಾಲ್ಘರ್ ಭಾಗದ ವಾರ್ಲಿ ಕಲೆಗೂ ಈ ಮಾನ್ಯತೆ ಇದೆ.

ಕರ್ನಾಟಕದಲ್ಲಿ ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಒಳಕ್ಕೆ ಹೊಲಿಯುತ್ತ ಬರುವುದು, ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವಿನಂತೆ ಇಡುವುದು ಇವರ ವೈಶಿಷ್ಟ್ಯ. ಮನೆಯಲ್ಲಿ ಹೊದೆಯಲು ಮಾಡುತ್ತಿದ್ದ ಈ ಕೌದಿಗಳು 2011ರಲ್ಲಿ ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡವು.

ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಇದೆ. ಲಂಬಾಣಿಗರು ತೆಲಂಗಾಣ, ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ್ದಾರೆ. 'ಸಂಡೂರು ಕುಶಲ ಕಲಾ ಕೇಂದ್ರ'ದ ಮಹಿಳೆಯರು ಚೀಲ, ಕುಶನ್ ಕವರ್, ಕುರ್ತಾಗಳಿಗೆ ಇದೇ ಕಸೂತಿ ಹಾಕುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಲಂಬಾಣಿ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಜಿಐ ಇದ್ದರೆ ಸಾಕೇ?

ಸಾಲದು. ಜಿಐ ಕಾಪಾಡುವುದು ಹೆಸರನ್ನು ಮತ್ತು ಅದರ ಊರಿನ ನಂಟನ್ನು. ಬೇರೆಡೆ ತಯಾರಾದ ವಸ್ತುವನ್ನು 'ಸಂಡೂರು ಲಂಬಾಣಿ ಕಸೂತಿ' ಎಂದು ಮಾರುವಂತಿಲ್ಲ. ಆದರೆ ಆ ಹೆಸರನ್ನೇ ಬಳಸದೆ 'ಬಂಜಾರ ಸ್ಟೈಲ್' ಎಂದು ಕಾರ್ಖಾನೆಯ ಮಾಲು ಮಾರುವವರನ್ನು ಹಿಡಿಯುವುದು ಕಷ್ಟ. ಜಿಐ ಹಣವನ್ನೂ ತಾನಾಗಿ ತಂದುಕೊಡುವುದಿಲ್ಲ. ಅದು ಒಂದು ಮುದ್ರೆ ಅಷ್ಟೆ, ಅದನ್ನಿಟ್ಟುಕೊಂಡು ಮಾರುವ ಸಂಘ ಗಟ್ಟಿಯಾಗಿರಬೇಕು.

ಕೃತಿಸ್ವಾಮ್ಯ ಇನ್ನೊಂದು ಆಸರೆ. ಭಾರತದಲ್ಲಿ ಕಲಾವಿದರ ಜೀವಿತಾವಧಿ ಮತ್ತು ನಂತರದ 60 ವರ್ಷ ಅದು ಅನ್ವಯಿಸುತ್ತದೆ. ಆದರೆ ಅದು ರಕ್ಷಿಸುವುದು ಒಬ್ಬರು ಬರೆದ ನಿರ್ದಿಷ್ಟ ಚಿತ್ರವನ್ನು. ತಲೆಮಾರುಗಳಿಂದ ಬಂದ ತ್ರಿಕೋನ, ವೃತ್ತ, ಕುಣಿತದ ಸಾಲಿನ ಶೈಲಿಗೆ ಆ ರಕ್ಷಣೆ ಇಲ್ಲ.

ವಿನ್ಯಾಸದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಹಕ್ಕುದಾರರೇ ಅಥವಾ ಅವರ ಲೈಸೆನ್ಸ್ ಪಡೆದವರು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ವಸ್ತು ತಯಾರಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಹೋಗುತ್ತದೆ. ಆದ್ದರಿಂದ ಮಗ್, ಬೆಡ್‌ಶೀಟ್‌ಗೆ ವಿನ್ಯಾಸ ಕೊಡುವ ಮುನ್ನ ನೋಂದಣಿ ಮತ್ತು ಲಿಖಿತ ಒಪ್ಪಂದ ಎರಡನ್ನೂ ವಕೀಲರ ಸಲಹೆ ಪಡೆದು ಮಾಡಿಕೊಳ್ಳುವುದು ಕಲಾವಿದರಿಗೆ ಕ್ಷೇಮ.

ಆಸ್ಟ್ರೇಲಿಯಾದಲ್ಲಿ ಮತ್ತೊಂದು ಅನುಕೂಲವಿದೆ. 2010ರ ಜೂನ್‌ನಿಂದ ಅಲ್ಲಿ ಮೂಲ ಕಲಾಕೃತಿ 1,000 ಡಾಲರ್ ಅಥವಾ ಹೆಚ್ಚಿನ ಬೆಲೆಗೆ ವ್ಯಾಪಾರಿಗಳ ಮೂಲಕ ಮರುಮಾರಾಟವಾದರೆ ಕಲಾವಿದರಿಗೆ ಶೇ 5ರಷ್ಟು ಸಲ್ಲಬೇಕು.

ಕೊಳ್ಳುವ ಮುನ್ನ ಇವನ್ನು ನೋಡಿ

* ಕಲಾವಿದರ ಹೆಸರು: ವಸ್ತುವಿನ ಮೇಲೆ ಅಥವಾ ಚೀಟಿಯಲ್ಲಿ ಕಲಾವಿದರ ಹೆಸರು, ಊರು, ಸಮುದಾಯ ಇದೆಯೇ? ಬರೀ 'ಟ್ರೈಬಲ್ ಆರ್ಟ್', 'ಎಥ್ನಿಕ್ ಪ್ರಿಂಟ್' ಎಂದಿದ್ದರೆ ಅನುಮಾನ ಇರಲಿ.
* ಪದಗಳ ಆಟ: 'ಪ್ರೇರಿತ', 'ಶೈಲಿಯ', 'ಇನ್‌ಸ್ಪೈರ್ಡ್' ಎಂಬ ಪದಗಳಿದ್ದರೆ ಅದು ಸಮುದಾಯದವರು ಮಾಡಿದ್ದಲ್ಲದಿರುವ ಸಾಧ್ಯತೆ ಹೆಚ್ಚು.
* ಹಣದ ಲೆಕ್ಕ: ರಾಯಧನ ಕೊಡುತ್ತೀರಾ, ಯಾವ ಸಂಘದ ಮೂಲಕ ಎಂದು ಮಾರುವವರನ್ನು ಕೇಳಿ. ನಿಜವಾಗಿ ಕೊಡುವವರು ಇದನ್ನು ಹೇಳಲು ಹಿಂಜರಿಯುವುದಿಲ್ಲ. 'ಲಾಭದ ಒಂದು ಭಾಗ' ಎಂಬ ಅಸ್ಪಷ್ಟ ಮಾತಿಗಿಂತ ಸ್ಪಷ್ಟ ಪ್ರಮಾಣ ಹೇಳುವವರು ಹೆಚ್ಚು ನಂಬಿಕೆಗೆ ಅರ್ಹರು.
* ಒಡೆತನ: ಕಂಪನಿ ಸಮುದಾಯದ್ದೇ, ಸಹಕಾರ ಸಂಘವೇ, ಹೊರಗಿನವರದೇ? ಹೊರಗಿನವರದಾದರೆ ತಪ್ಪೇನಿಲ್ಲ, ಆದರೆ ಒಪ್ಪಂದ ಇರಬೇಕು.
* ಜಿಐ ಗುರುತು: ಜಿಐ ಇರುವ ಕಲೆಯಾದರೆ ಲೋಗೊ ಮತ್ತು ನೋಂದಾಯಿತ ಬಳಕೆದಾರರ ವಿವರ ನೋಡಿ. ಆಸ್ಟ್ರೇಲಿಯಾದ ವಸ್ತುವಾದರೆ ಮಾರುವವರು 'ಇಂಡಿಜಿನಸ್ ಆರ್ಟ್ ಕೋಡ್' ಸದಸ್ಯರೇ ಎಂದು ವಿಚಾರಿಸಬಹುದು.
* ಬೆಲೆ: ಕೈಯಲ್ಲಿ ದಿನಗಟ್ಟಲೆ ಹೊಲಿದ ಕಸೂತಿ ಕೆಲವೇ ನೂರು ರೂಪಾಯಿಗೆ ಸಿಗುತ್ತಿದ್ದರೆ, ಅದು ಯಂತ್ರದ್ದು ಅಥವಾ ಹೊಲಿದವರಿಗೆ ಕೂಲಿ ಸಿಕ್ಕಿಲ್ಲ. ಎರಡರಲ್ಲಿ ಒಂದು.

ಮುಂಬೈ, ಪುಣೆಯವರಿಗೆ ವಾರ್ಲಿ ಕಲಾವಿದರ ಊರುಗಳು ದೂರವಲ್ಲ. ಚೆನ್ನೈಯಿಂದ ನೀಲಗಿರಿ ಒಂದು ರಾತ್ರಿಯ ರೈಲು ಪ್ರಯಾಣ. ಹೈದರಾಬಾದ್ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿಗರಿದ್ದಾರೆ. ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳೇ ಅಂಗಡಿ ಹಾಕಿ ಕೂರುತ್ತಾರೆ. ಹಬ್ಬಕ್ಕೋ ಮದುವೆಗೋ ಉಡುಗೊರೆ ಕೊಡುವಾಗ ಮಾಡಿದವರಿಂದಲೇ ಕೊಂಡರೆ ಚೌಕಾಸಿ ಮಾಡುವ ಮುನ್ನ ಒಂದು ಮಾತು ಕೇಳಬಹುದು: ಇದನ್ನು ಹೊಲಿಯಲು ಎಷ್ಟು ದಿನ ಹಿಡಿಯಿತು? ಆ ಉತ್ತರ ಸಿಕ್ಕ ಮೇಲೆ ಬೆಲೆ ಹೆಚ್ಚೋ ಕಡಿಮೆಯೋ ಎಂಬುದು ಕೊಳ್ಳುವವರಿಗೇ ತಿಳಿಯುತ್ತದೆ.